ಇಬ್ಬರೂ ಒಟ್ಟಿಗೆ ಮಲಗುವ ಬಂದರು

ಹಾಯಿದೋಣಿಯಲ್ಲಿ ಮಹಾಸಾಗರ ದಾಟುವ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುವುದೇ ಕಡಿಮೆ. ನಲವತ್ತು ಅಡಿಯ ದೋಣಿ, ವಾರಗಟ್ಟಲೆ ಪ್ರಯಾಣ, ಇರುವುದು ಇಬ್ಬರೇ. ಹೀಗಿದ್ದ ಮೇಲೆ ದಿನವಿಡೀ ಜೊತೆಗೇ ಇರುತ್ತಾರೆ ಎಂದು ದಡದಲ್ಲಿರುವವರಿಗೆ ಅನ್ನಿಸುತ್ತದೆ. ಅಲ್ಲಿ ನಡೆಯುವುದು ಬೇರೆ. ಒಬ್ಬರು ಎಚ್ಚರವಾಗಿದ್ದಾಗ ಇನ್ನೊಬ್ಬರು ಮಲಗಿರಬೇಕು. ಮೂರು ಗಂಟೆಗೋ ನಾಲ್ಕು ಗಂಟೆಗೋ ಪಾಳಿ ಬದಲು. ಮಲಗಿದವರನ್ನು ಭುಜ ಹಿಡಿದು ಎಬ್ಬಿಸಿ, ಗಾಳಿ ಎತ್ತ ಕಡೆಯಿದೆ, ಯಾವ ಹಾಯಿ ಎಷ್ಟು ಬಿಚ್ಚಿದೆ, ದೂರದಲ್ಲಿ ಹಡಗಿನ ದೀಪ ಕಂಡಿತೇ ಎಂದು ನಾಲ್ಕು ಮಾತು ಹೇಳಿ, ಎದ್ದವರು ಬಿಟ್ಟುಹೋದ ಬೆಚ್ಚನೆಯ ಹಾಸಿಗೆಯಲ್ಲೇ ಬಿದ್ದುಕೊಳ್ಳುವುದು. ಸಂಜೆಯ ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಎದುರುಬದುರು ಕೂತರೆ ಅದೇ ದಿನದ ಸಂಸಾರ.

ಇಬ್ಬರೂ ಮಲಗಿದರೆ ಏನಾಗುತ್ತದೆ? ದೋಣಿಯನ್ನು ನೇರವಾಗಿ ನಡೆಸಲು ಯಂತ್ರ ಇದೆ. ಗಾಳಿಯ ದಿಕ್ಕನ್ನೇ ಹಿಡಿದು ಚುಕ್ಕಾಣಿ ತಿರುಗಿಸುವ, ವಿದ್ಯುತ್ತೇ ಬೇಡದ ಗಾಳಿಪಟ್ಟಿಯ ಸಾಧನವೂ ಇದೆ. ಆದರೆ ದಿಗಂತದಲ್ಲಿ ಚುಕ್ಕಿಯಾಗಿ ಕಂಡ ಸರಕು ಹಡಗು ಮೈಮೇಲೆ ಬರಲು 15–20 ನಿಮಿಷ ಸಾಕು. ಅಷ್ಟು ದೊಡ್ಡ ಹಡಗಿನ ಮೇಲಿರುವವರಿಗೆ ಅಲೆಗಳ ನಡುವಿನ ಪುಟ್ಟ ಹಾಯಿ ಕಂಡೇ ಕಾಣುತ್ತದೆ ಎಂಬ ಖಾತರಿ ಇಲ್ಲ. ಈಗ ಹಡಗುಗಳ ಹೆಸರು, ವೇಗ, ದಿಕ್ಕು ಎಲ್ಲವನ್ನೂ ಪರದೆಯ ಮೇಲೆ ತೋರಿಸುವ ಎಐಎಸ್ ಬಂದಿದೆ, ಅಪಾಯ ಕಂಡರೆ ಅದು ಕೂಗುತ್ತದೆ. ಆದರೂ ಗಾಳಿ ದಿಢೀರನೆ ಏರಿದಾಗ ಹಾಯಿಯನ್ನು ಮಡಚಿ ಚಿಕ್ಕದು ಮಾಡಲು ಕೈ ಬೇಕು. ಹತ್ತನೆಯ ದಿನದ ಹೊತ್ತಿಗೆ ಒಡೆದ ನಿದ್ದೆ ಮೈಯಲ್ಲಿ ಸೇರಿಕೊಂಡಿರುತ್ತದೆ. ಹಗ್ಗ ಬಿಗಿದದ್ದು ನೆನಪಿರುವುದಿಲ್ಲ, ಸಣ್ಣ ಮಾತಿಗೆ ಸಿಟ್ಟು ಬರುತ್ತದೆ.

ಇಂಥ ಜೋಡಿಗಳು ಪ್ರತಿ ವರ್ಷವೂ ಬೇಸಿಗೆಯ ಆರಂಭದಲ್ಲಿ ಒಂದೇ ಊರಿನತ್ತ ಮುಖ ಮಾಡುತ್ತವೆ. ಉತ್ತರ ಅಟ್ಲಾಂಟಿಕ್‌ನ ನಡುವೆ, ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪಗಳು ಒಂಬತ್ತಿವೆ. ಅವುಗಳಲ್ಲಿ ಫಯಾಲ್ ಒಂದು. ವಿಸ್ತೀರ್ಣ ಸುಮಾರು 173 ಚದರ ಕಿಲೋಮೀಟರ್, ಜನ ಹೆಚ್ಚೆಂದರೆ ಹದಿನೈದು ಸಾವಿರ. ಅದರ ಬಂದರು ಪಟ್ಟಣ ಓರ್ಟಾ. ಭೂಪಟದಲ್ಲಿ ಸಾಸಿವೆಯಷ್ಟು ಕಾಣುವ ಈ ಊರಿಗೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಹಾಯಿದೋಣಿಗಳು ಬಂದು ಹೋಗುತ್ತವೆ. ಇಲ್ಲಿಗೇ ಯಾಕೆ ಬರುತ್ತವೆ ಎಂದು ಕೇಳಿದರೆ ಗಾಳಿಯ ಲೆಕ್ಕಕ್ಕೆ ಹೋಗಬೇಕು. ಆ ಲೆಕ್ಕ ನನಗೆ ಈ ಊರಿನಷ್ಟೇ ಇಷ್ಟ.

ಉತ್ತರ ಅಟ್ಲಾಂಟಿಕ್ ಮೇಲೆ ಅಧಿಕ ಒತ್ತಡದ ದೊಡ್ಡ ವಲಯವೊಂದು ವರ್ಷದ ಹೆಚ್ಚು ಕಾಲ ನೆಲೆ ನಿಂತಿರುತ್ತದೆ. ಹವಾಮಾನದವರು ಅದನ್ನು ಕರೆಯುವುದೇ ಅಜೋರ್ಸ್ ಹೈ ಎಂದು. ಅಲ್ಲಿ ಮೇಲಿನಿಂದ ಇಳಿದ ಗಾಳಿ ಸುತ್ತಲೂ ಹರಡುತ್ತದೆ, ಭೂಮಿ ತಿರುಗುವುದರಿಂದ ಬಲಕ್ಕೆ ವಾಲುತ್ತದೆ. ಹೀಗಾಗಿ ಇಡೀ ಸಾಗರದ ಮೇಲೆ ಗಾಳಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತದೆ. ಈ ಸುತ್ತಿನ ತಳಭಾಗದಲ್ಲಿ, ಅಂದರೆ ದಕ್ಷಿಣದಲ್ಲಿ, ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ. ಮೇಲ್ಭಾಗದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ. ಯುರೋಪಿನಿಂದ ಹೊರಟವರು ನವೆಂಬರ್ ಕೊನೆಯ ಹೊತ್ತಿಗೆ ಕೆನರಿ ದ್ವೀಪಗಳಿಂದ ವಾಣಿಜ್ಯ ಮಾರುತವನ್ನು ಬೆನ್ನಿಗೆ ಹಾಕಿಕೊಂಡು ಕೆರಿಬಿಯನ್ ಸೇರುತ್ತಾರೆ. ಚಳಿಗಾಲವನ್ನು ಆ ಬೆಚ್ಚಗಿನ ನೀರಿನಲ್ಲಿ ಕಳೆಯುತ್ತಾರೆ. ಜೂನ್ 1ಕ್ಕೆ ಅಲ್ಲಿ ಚಂಡಮಾರುತದ ಕಾಲ ಶುರು. ಆ ವಲಯದಲ್ಲೇ ಉಳಿದ ದೋಣಿಗೆ ಅನೇಕ ವಿಮಾ ಕಂಪನಿಗಳು ರಕ್ಷಣೆ ಕೊಡುವುದಿಲ್ಲ. ಆದ್ದರಿಂದ ಮೇ ತಿಂಗಳಲ್ಲಿ ಹೊರಡಲೇಬೇಕು.

ಬಂದ ದಾರಿಯಲ್ಲೇ ಮರಳುವಂತಿಲ್ಲ. ಅಲ್ಲಿ ಗಾಳಿ ಎದುರಿಗೆ ನಿಂತಿರುತ್ತದೆ. ಮೊದಲು ಉತ್ತರಕ್ಕೆ ಏರಬೇಕು, ಪಶ್ಚಿಮದ ಗಾಳಿ ಸಿಗುವವರೆಗೆ ಏರಬೇಕು, ಆಮೇಲೆ ಪೂರ್ವಕ್ಕೆ ತಿರುಗಬೇಕು. ಹಾಗೆ ತಿರುಗಿದ ದಾರಿಯ ಮೇಲೇ ಫಯಾಲ್ ಇದೆ, ಸುಮಾರು 38.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬರ್ಮುಡಾದಿಂದ ಬಂದರೆ ಸುಮಾರು 1,800 ನಾಟಿಕಲ್ ಮೈಲು, ಸೇಂಟ್ ಮಾರ್ಟಿನ್‌ನಿಂದ ನೇರ ಬಂದರೆ 2,200ರಷ್ಟು. ಎರಡನೆಯದು ಹತ್ತಿರ ಹತ್ತಿರ ನಾಲ್ಕು ಸಾವಿರ ಕಿಲೋಮೀಟರ್. ಐದು ನಾಟ್ ವೇಗದಲ್ಲಿ ಹೋಗುವ ದೋಣಿ ದಿನಕ್ಕೆ 120 ಮೈಲು ಸಾಗೀತು. ಅಂದರೆ ಎರಡು ವಾರದಿಂದ ಮೂರು ವಾರ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಬೇಗ ಮುಟ್ಟಬೇಕೆಂದು ಉತ್ತರಕ್ಕೆ ಏರದೆ ಪೂರ್ವಕ್ಕೆ ತಿರುಗಿದರೆ ಅಧಿಕ ಒತ್ತಡದ ನಡುಮಧ್ಯೆ ಸಿಕ್ಕಿಬೀಳಬಹುದು. ಅಲ್ಲಿ ಗಾಳಿಯೇ ಇಲ್ಲ. ಸಮುದ್ರ ಕನ್ನಡಿಯಂತೆ ಹೊಳೆಯುತ್ತದೆ, ಹಾಯಿ ಜೋಲುಬಿದ್ದು ಕಂಬಕ್ಕೆ ಬಡಿಯುತ್ತದೆ, ಡೀಸೆಲ್ ಮೂರು ನಾಲ್ಕು ದಿನಕ್ಕೆ ಮುಗಿಯುತ್ತದೆ. ಹೆಚ್ಚು ಗಾಳಿ ಬೇಕೆಂದು ತೀರಾ ಉತ್ತರಕ್ಕೆ ಹೋದರೆ ಒಂದರ ಹಿಂದೊಂದು ವಾಯುಭಾರ ಕುಸಿತಗಳು ಬಂದು ಬಡಿಯುತ್ತವೆ. ಇವೆರಡರ ನಡುವಿನ ಓಣಿಯೂ ಇದ್ದಲ್ಲಿ ಇರುವುದಿಲ್ಲ, ದಿನದಿನಕ್ಕೆ ಸರಿಯುತ್ತದೆ. ಉಪಗ್ರಹದ ಮೂಲಕ ಬರುವ ಹವಾಮಾನ ನಕ್ಷೆಯನ್ನು ಗಂಡ ಹೆಂಡತಿ ಒಟ್ಟಿಗೆ ನೋಡುವುದು, ಇವತ್ತು ಮೇಲಕ್ಕೋ ಕೆಳಕ್ಕೋ ಎಂದು ಜಗಳವಾಡುವುದು, ಈ ಪ್ರಯಾಣದ ನಿತ್ಯಕರ್ಮ.

ಈ ಬಳಸು ದಾರಿಗೂ ನಮ್ಮ ಕರಾವಳಿಗೂ ಹಳೆಯ ನಂಟಿದೆ. ಹದಿನಾರನೆಯ ಶತಮಾನದಲ್ಲಿ ಗೋವಾ, ಕೊಚ್ಚಿಗಳಿಂದ ಲಿಸ್ಬನ್‌ಗೆ ಮರಳುತ್ತಿದ್ದ ಪೋರ್ಚುಗೀಸ್ ಹಡಗುಗಳು ಆಫ್ರಿಕಾದ ತುದಿ ಸುತ್ತಿ, ಸಮಭಾಜಕ ವೃತ್ತ ದಾಟಿ, ಅಲ್ಲಿಂದ ನೇರ ಪೋರ್ಚುಗಲ್ ಕಡೆಗೆ ಹೋಗಲಾಗದೆ ಅಟ್ಲಾಂಟಿಕ್‌ನ ನಡುವಿಗೆ ಬಂದು, ಅಜೋರ್ಸ್ ಮುಟ್ಟಿ, ಆಮೇಲೆ ಪೂರ್ವಕ್ಕೆ ತಿರುಗುತ್ತಿದ್ದವು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದದ್ದು ನಮಗೆ ಗೊತ್ತು. ಹೊನ್ನಾವರ, ಭಟ್ಕಳದ ಕಡೆಯಿಂದ ಪೋರ್ಚುಗೀಸರ ಕೈ ಸೇರಿ ಲಿಸ್ಬನ್‌ಗೆ ಹೊರಟ ಮೆಣಸು ಸಾಗಿದ್ದು ಇದೇ ಗಾಳಿಯಲ್ಲಿ. ವಾಸ್ಕೋ ಡ ಗಾಮನ ಅಣ್ಣ ಪಾವ್ಲೊ ಮೊದಲ ಭಾರತ ಯಾನದಿಂದ ಮರಳುವಾಗ ಕಾಯಿಲೆಬಿದ್ದು 1499ರಲ್ಲಿ ತೀರಿಕೊಂಡದ್ದು ಅಜೋರ್ಸ್‌ನ ತೆರ್ಸೆಯ್ರಾ ದ್ವೀಪದಲ್ಲಿ. ಐನೂರು ವರ್ಷಗಳಲ್ಲಿ ದೋಣಿ ಬದಲಾಗಿದೆ, ನಕ್ಷೆ ಬದಲಾಗಿದೆ, ಗಾಳಿಯ ಸುತ್ತು ಮಾತ್ರ ಹಾಗೇ ಇದೆ.

ದೋಣಿಯವರಿಗೆ ಮೊದಲು ಕಾಣುವುದು ಫಯಾಲ್‌ನ ನೆಲವಾಗಿರಬೇಕೆಂದಿಲ್ಲ. ಮೋಡವಿಲ್ಲದ ದಿನವಾದರೆ ಪಕ್ಕದ ದ್ವೀಪದ ಪಿಕೊ ಪರ್ವತವೇ ಮೊದಲು ತಲೆ ಎತ್ತುತ್ತದೆ. 2,351 ಮೀಟರ್ ಎತ್ತರದ ಈ ಜ್ವಾಲಾಮುಖಿ ಇಡೀ ಪೋರ್ಚುಗಲ್‌ನಲ್ಲೇ ಅತಿ ಎತ್ತರದ ಶಿಖರ. ಎರಡು ದ್ವೀಪಗಳ ನಡುವಿನ ಕಾಲುವೆ ಎಂಟು ಕಿಲೋಮೀಟರ್‌ನಷ್ಟು ಅಗಲ. ಪಿಕೊದ ಮದಲೇನಾದಿಂದ ಓರ್ಟಾಕ್ಕೆ ಫೆರಿಯಲ್ಲಿ ಅರ್ಧ ಗಂಟೆ. ಹಾಯಿದೋಣಿಯವರು ಮೊದಲು ನೇರ ಸ್ವಾಗತ ಧಕ್ಕೆಗೆ ಹೋಗಬೇಕು. ಅಲ್ಲಿಯವರೆಗೆ ಕಂಬದಲ್ಲಿ ಹಳದಿ ಬಾವುಟ ಹಾರುತ್ತಿರಬೇಕು, ಇನ್ನೂ ತಪಾಸಣೆ ಆಗಿಲ್ಲ ಎಂಬ ಗುರುತಿಗೆ. ಬಂದರು ಕಚೇರಿ, ಕಸ್ಟಮ್ಸ್, ವಲಸೆ ಕಾಗದಪತ್ರ ಎಲ್ಲ ಮುಗಿದ ಮೇಲೆ ಹಳದಿ ಇಳಿಸಿ ಪೋರ್ಚುಗಲ್ ಬಾವುಟ ಏರಿಸಬಹುದು. ಅಜೋರ್ಸ್ ಸ್ವಾಯತ್ತ ಪ್ರದೇಶವಾದರೂ ಷೆಂಗೆನ್ ನಿಯಮವೇ ಅನ್ವಯ. ಭಾರತದ ಪಾಸ್‌ಪೋರ್ಟ್ ಇರುವವರು ವೀಸಾ ಮೊದಲೇ ಮಾಡಿಸಿಕೊಂಡಿರಬೇಕು.

ಓರ್ಟಾದ ಮರೀನಾ ಶುರುವಾದದ್ದು 1986ರಲ್ಲಿ. ಸುಮಾರು ಮುನ್ನೂರು ದೋಣಿಗಳಿಗೆ ಜಾಗವಿದೆ. ಮೇ, ಜೂನ್ ತಿಂಗಳಲ್ಲಿ ಅದು ಸಾಲುವುದಿಲ್ಲ. ಆಗ ಗೋಡೆಗೆ ಒಂದು ದೋಣಿ, ಆ ದೋಣಿಗೆ ಇನ್ನೊಂದು, ಅದಕ್ಕೆ ಮತ್ತೊಂದು ಕಟ್ಟುತ್ತಾರೆ. ಮಳೆಗಾಲದ ರಜೆಯಲ್ಲಿ ಮಲ್ಪೆ ಬಂದರಿನಲ್ಲಿ ಮೀನುಗಾರಿಕೆ ದೋಣಿಗಳು ಮೈಗೆ ಮೈ ತಾಗಿಸಿ ನಿಲ್ಲುವುದನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಹೊರಗಡೆಯ ಐದನೆಯ ದೋಣಿಯವರು ಬ್ರೆಡ್ ತರಲು ಹೋಗಬೇಕೆಂದರೆ ನಾಲ್ಕು ದೋಣಿ ದಾಟಬೇಕು. ಅದಕ್ಕೊಂದು ಮರ್ಯಾದೆ ಇದೆ. ಜನ ಕೂತುಕೊಳ್ಳುವ ಹಿಂಬದಿಯ ಜಾಗದ ಮೂಲಕ ಹಾಯಬಾರದು, ಕೂವೆಮರದ ಮುಂದಿನಿಂದ, ಹೆಜ್ಜೆ ಸಪ್ಪಳವಾಗದಂತೆ ದಾಟಬೇಕು. ಯಾಕೆಂದರೆ ಕೆಳಗೆ ಯಾರೋ ಮಲಗಿರುತ್ತಾರೆ, ಹಗಲು ಹನ್ನೊಂದು ಗಂಟೆಯಾದರೂ ಸರಿ. ಇಲ್ಲಿಗೆ ಬಂದ ಮೊದಲ ರಾತ್ರಿ, ವಾರಗಳ ನಂತರ, ಗಂಡ ಹೆಂಡತಿ ಒಂದೇ ಹೊತ್ತಿಗೆ ಕಣ್ಣು ಮುಚ್ಚುತ್ತಾರೆ. ಯಾರೂ ಯಾರನ್ನೂ ಎಬ್ಬಿಸಬೇಕಾಗಿಲ್ಲ. ಬಂದರು ಎಂಬ ವ್ಯವಸ್ಥೆ ಮನುಷ್ಯರಿಗೆ ಕೊಡುವ ಸೌಲಭ್ಯಗಳಲ್ಲಿ ಇದು ಯಾವ ದರಪಟ್ಟಿಯಲ್ಲೂ ಇರುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಇದೇ.

ಇಬ್ಬರೇ ಸಾಗರ ದಾಟುವುದು ಸಾಮಾನ್ಯ ಜನರ ಕೈಗೂ ಎಟಕುವ ಸಂಗತಿ ಎಂದು ತೋರಿಸಿದವರಲ್ಲಿ ಬ್ರಿಟನ್ನಿನ ಎರಿಕ್ ಮತ್ತು ಸೂಸನ್ ಹಿಸ್ಕಾಕ್ ಮುಖ್ಯರು. 1952ರಿಂದ 1955ರವರೆಗೆ ‘ವಾಂಡರರ್ 3’ ಎಂಬ 30 ಅಡಿಯ ದೋಣಿಯಲ್ಲಿ ಭೂಮಿ ಸುತ್ತಿ ಬಂದರು. ಎರಿಕ್‌ಗೆ ದೃಷ್ಟಿ ಬಹಳ ಮಂದ. ದೂರದ ದೀಪ, ದಡದ ಗುರುತು ಹಿಡಿಯಲು ಸೂಸನ್ ಕಣ್ಣು ಬೇಕಿತ್ತು. ಆಮೇಲೆ ಬಂದ ಲಿನ್ ಮತ್ತು ಲ್ಯಾರಿ ಪಾರ್ಡಿ ದಂಪತಿ 24 ಅಡಿಯ, ಎಂಜಿನ್ನೇ ಇಲ್ಲದ ದೋಣಿಯಲ್ಲಿ ವರ್ಷಗಟ್ಟಲೆ ತಿರುಗಿದರು. ಇವರ ಪುಸ್ತಕಗಳನ್ನು ಓದಿ ಮನೆ ಮಾರಿ ದೋಣಿ ಕೊಂಡವರು ಎಷ್ಟೋ ಮಂದಿ.

ಒಬ್ಬರೇ ಬಂದವರ ಪಾಡೇನು ಎನ್ನುವುದಕ್ಕೂ ಓರ್ಟಾದಲ್ಲೇ ಕಥೆಯಿದೆ. ಜೋಶುವಾ ಸ್ಲೋಕಮ್ ಭೂಮಿಯನ್ನು ಒಂಟಿಯಾಗಿ ಹಾಯಿದೋಣಿಯಲ್ಲಿ ಸುತ್ತಿದ ಮೊದಲ ಮನುಷ್ಯ. ‘ಸ್ಪ್ರೇ’ ಎಂಬ ದೋಣಿಯಲ್ಲಿ ಆತ ಇಲ್ಲಿಗೆ ಬಂದದ್ದು 1895ರ ಜುಲೈ 20ರಂದು. ಊರವರು ಹಣ್ಣುಹಂಪಲು ತಂದು ತುಂಬಿಸಿದರು. ನಾಲ್ಕು ದಿನ ಇದ್ದು ಹೊರಟಾಗ ಪ್ಲಮ್ ಹಣ್ಣು ಮತ್ತು ಪಿಕೊದ ಬಿಳಿ ಚೀಸ್ ಹೊಟ್ಟೆತುಂಬ ತಿಂದ. ಹೊಟ್ಟೆನೋವು ಬಂದು ಒಳಗೆ ನೆಲದ ಮೇಲೆ ಬಿದ್ದುಬಿಟ್ಟ. ಹೊರಗೆ ಬಿರುಗಾಳಿ. ಪ್ರಜ್ಞೆ ಮರಳಿದಾಗ ಚುಕ್ಕಾಣಿ ಹಿಡಿದು ಒಬ್ಬ ಹಳೆಯ ಕಾಲದ ನಾವಿಕ ನಿಂತಂತೆ ಕಂಡಿತು. ತಾನು ಕೊಲಂಬಸ್‌ನ ‘ಪಿಂಟಾ’ ಹಡಗಿನವನು, ನೀನು ಮಲಗು, ನಾನು ನಡೆಸುತ್ತೇನೆ ಎಂದನಂತೆ. ಬೆಳಗಾದಾಗ ದೋಣಿ ಸರಿಯಾದ ದಾರಿಯಲ್ಲೇ ಇತ್ತು. ಸ್ಲೋಕಮ್ ಇದನ್ನು ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಜ್ವರದ ಭ್ರಮೆ ಎನ್ನಬಹುದು. ಪಾಳಿ ಬದಲಿಸಲು ಯಾರೂ ಇಲ್ಲದವನ ಮನಸ್ಸು ಕಲ್ಪಿಸಿಕೊಂಡದ್ದು ಪಾಳಿ ಬದಲಿಸುವವನನ್ನೇ.

ದಣಿವು ಆರಿದ ಮೇಲೆ ದಂಪತಿಗಳ ದಿನ ಕೆಲಸದಲ್ಲೇ ಕಳೆಯುತ್ತದೆ. ಉಪ್ಪು ಹಿಡಿದ ಬಟ್ಟೆ ಒಗೆಯಬೇಕು, ಹರಿದ ಹಾಯಿ ಹೊಲಿಸಬೇಕು. ಒಬ್ಬರು ಹಗ್ಗದ ಕುರ್ಚಿಯಲ್ಲಿ ಕೂತು ಕೂವೆಮರದ ತುದಿಯವರೆಗೆ ಏರಿ ತಂತಿ ಎಲ್ಲಾದರೂ ಸವೆದಿದೆಯೇ ನೋಡಬೇಕು, ಇನ್ನೊಬ್ಬರು ಕೆಳಗೆ ಹಗ್ಗ ಹಿಡಿದು ನಿಲ್ಲಬೇಕು. ಮಾರುಕಟ್ಟೆಯಲ್ಲಿ ತಾಜಾ ಸೊಪ್ಪು ತರಕಾರಿ ಕಂಡರೆ ಮೂರು ವಾರ ಡಬ್ಬಿಯ ಊಟ ಉಂಡವರಿಗೆ ಹಬ್ಬ. ಸಂಜೆಗೆ ಎಲ್ಲರೂ ಸೇರುವ ಜಾಗ ಪೀಟರ್ ಕೆಫೆ ಸ್ಪೋರ್ಟ್. ಅಜೆವೆಡೊ ಕುಟುಂಬ 1918ರಿಂದ ಇದನ್ನು ನಡೆಸಿಕೊಂಡು ಬಂದಿದೆ. ಸ್ಥಾಪಕ ಎನ್ರಿಕೆ ಅವರ ಮಗ ಜೋಸೆ ಅವರಲ್ಲಿ ತನ್ನ ಮಗನ ಹೋಲಿಕೆ ಕಂಡ ಬ್ರಿಟಿಷ್ ನೌಕಾಧಿಕಾರಿಯೊಬ್ಬ ಪೀಟರ್ ಎಂದು ಕರೆದ, ಅದೇ ಹೆಸರು ನಿಂತಿತು. ಇಮೇಲ್ ಇಲ್ಲದ ಕಾಲದಲ್ಲಿ ದೋಣಿಯ ಹೆಸರು ಬರೆದು ಈ ಕೆಫೆಯ ವಿಳಾಸಕ್ಕೆ ಕಾಗದ ಹಾಕಿದರೆ ದೋಣಿ ಬರುವವರೆಗೆ ಜೋಪಾನವಾಗಿ ಇಟ್ಟಿರುತ್ತಿದ್ದರು. ತಿಂಗಳುಗಟ್ಟಲೆ ಇಟ್ಟದ್ದೂ ಉಂಟು. ಹಣ ಬದಲಿಸಿಕೊಡುವುದು, ವೈದ್ಯರನ್ನು ಹುಡುಕಿಕೊಡುವುದು, ರಿಪೇರಿಯವರಿಗೆ ಹೇಳಿ ಕಳಿಸುವುದು ಎಲ್ಲವೂ ಅಲ್ಲೇ. ಮೇಲಿನ ಮಹಡಿಯಲ್ಲಿ ತಿಮಿಂಗಿಲದ ಹಲ್ಲಿನ ಮೇಲೆ ಸೂಜಿಮೊನೆಯಿಂದ ಕೆತ್ತಿ ಮಸಿ ತುಂಬಿದ ಚಿತ್ರಗಳ ಸಂಗ್ರಹಾಲಯವಿದೆ.

ಚಿತ್ರ ಬರೆಯುವ ಗೀಳು ದೋಣಿಯವರಿಗೂ ಅಂಟಿದೆ. ಮರೀನಾದ ಗೋಡೆ, ಕಟ್ಟೆ, ಮೆಟ್ಟಿಲು, ಕಾಲಿಡುವ ನೆಲ ಎಲ್ಲವೂ ಚಿತ್ರಮಯ. ಓರ್ಟಾಕ್ಕೆ ಬಂದು ದೋಣಿಯ ಹೆಸರು ಬರೆಯದೆ ಹೋದರೆ ಮುಂದಿನ ದಾರಿಯಲ್ಲಿ ಕೇಡು ಎಂಬ ನಂಬಿಕೆ ಇದೆ. ಬಿಡಿಸುವ ಕೆಲಸ ಹೇಳಿದಷ್ಟು ಸುಲಭವಲ್ಲ. ಮೊದಲು ಜಾಗ ಹುಡುಕಬೇಕು. ಹೊಸ ಚಿತ್ರದ ಮೇಲೆ ಬಳಿಯುವಂತಿಲ್ಲ, ಬಿಸಿಲು ಉಪ್ಪುಗಾಳಿಗೆ ಹೆಸರೇ ಓದಲಾಗದಷ್ಟು ಮಾಸಿದ್ದನ್ನು ಆರಿಸಬೇಕು. ಮೊಣಕಾಲೂರಿ ಕೂತು ತಂತಿಬ್ರಷ್‌ನಲ್ಲಿ ಹಳೆಯ ಬಣ್ಣದ ಹಕ್ಕಳೆ ಕೆರೆಯಬೇಕು. ಬಿಳಿಯ ಲೇಪ ಒಂದು ಕೊಟ್ಟು ಒಣಗಲು ಬಿಡಬೇಕು. ಅಜೋರ್ಸ್‌ನಲ್ಲಿ ಒಂದೇ ದಿನ ನಾಲ್ಕು ಬಗೆಯ ಹವೆ, ಅಷ್ಟರಲ್ಲಿ ಮಳೆ ಬಂದರೆ ಮತ್ತೆ ಮೊದಲಿಂದ. ಆಮೇಲೆ ಸೀಮೆಸುಣ್ಣದಲ್ಲಿ ಗೆರೆ. ದೋಣಿಯ ಹೆಸರು, ಇಬ್ಬರ ಹೆಸರು, ವರ್ಷ, ಬಂದ ದಾರಿಯ ಪುಟ್ಟ ನಕ್ಷೆ. ಯಾರ ಹೆಸರು ಮೊದಲು ಎಂಬ ಪ್ರಶ್ನೆಯೂ ಅಲ್ಲೇ ಇತ್ಯರ್ಥವಾಗಬೇಕು. ಉಳಿದ ಬಣ್ಣದ ಡಬ್ಬಿ ಪಕ್ಕದ ದೋಣಿಗೆ ಹೋಗುತ್ತದೆ. ಕೆಲವು ವರ್ಷಗಳಲ್ಲಿ ಇದೂ ಮಾಸುತ್ತದೆ, ಇನ್ನೊಂದು ಜೋಡಿ ಕೆರೆದು ತಮ್ಮದು ಬರೆಯುತ್ತದೆ. ಮರಳಿ ಬಂದವರು ಮಾಡುವ ಮೊದಲ ಕೆಲಸಗಳಲ್ಲಿ ತಮ್ಮ ಚಿತ್ರ ಉಳಿದಿದೆಯೇ ಎಂದು ಹುಡುಕುವುದು ಒಂದು.

ದಾರಿಹೋಕರನ್ನು ನೋಡಿಕೊಳ್ಳುವುದು ಈ ಊರಿಗೆ ಹೊಸ ಉದ್ಯೋಗವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ತಿಮಿಂಗಿಲ ಬೇಟೆ ಹಡಗುಗಳು ನೀರು, ಆಹಾರ, ಆಳುಗಳಿಗಾಗಿ ಇಲ್ಲಿಗೆ ಬರುತ್ತಿದ್ದವು. ಬಾಸ್ಟನ್ ಕಡೆಯಿಂದ ಬಂದ ಡ್ಯಾಬ್ನಿ ಮನೆತನದ ಮೂರು ತಲೆಮಾರು 1806ರಿಂದ 1892ರವರೆಗೆ ಇಲ್ಲಿ ಅಮೆರಿಕದ ಕಾನ್ಸಲ್ ಹುದ್ದೆಯಲ್ಲಿದ್ದು ಹಡಗುಗಳಿಗೆ ಬೇಕಾದ್ದನ್ನೆಲ್ಲ ಒದಗಿಸಿತು. 1893ರಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿ ಬಂತು. ಉದ್ದ ತಂತಿಯಲ್ಲಿ ಸಂಕೇತ ಕ್ಷೀಣಿಸುತ್ತದೆ, ನಡುವೆ ಎಲ್ಲಾದರೂ ಹಿಡಿದು ಮತ್ತೆ ಕಳಿಸಬೇಕು. ಆ ನಡುವಿನ ಜಾಗ ಓರ್ಟಾ ಆಯಿತು. ಬ್ರಿಟಿಷ್, ಜರ್ಮನ್, ಅಮೆರಿಕನ್ ಕಂಪನಿಗಳ ಕಚೇರಿ, ನೌಕರರ ಮನೆಗಳು ಎದ್ದವು. 1939ರಿಂದ ಪ್ಯಾನ್ ಅಮೆರಿಕನ್ ಕಂಪನಿಯ ಕ್ಲಿಪ್ಪರ್ ವಿಮಾನಗಳು ನ್ಯೂಯಾರ್ಕ್–ಲಿಸ್ಬನ್ ಹಾದಿಯಲ್ಲಿ ಇಂಧನಕ್ಕಾಗಿ ಇಲ್ಲಿನ ನೀರಿನ ಮೇಲೆ ಇಳಿದವು. ಅಲೆ ಜೋರಾದರೆ ಅವು ಏರಲಾಗುತ್ತಿರಲಿಲ್ಲ, ಪ್ರಯಾಣಿಕರು ಊರಲ್ಲೇ ಉಳಿದು ಕಡಲು ತಣಿಯುವುದನ್ನು ಕಾಯುತ್ತಿದ್ದರು.

ಒಂದೊಂದಾಗಿ ಎಲ್ಲವೂ ಹೋದವು. ನೆಲದ ಎಣ್ಣೆ ಬಂದು ತಿಮಿಂಗಿಲದ ಎಣ್ಣೆಯನ್ನು ಮೂಲೆಗೆ ತಳ್ಳಿತು. ದೂರ ಹಾರುವ ವಿಮಾನಗಳಿಗೆ ನಿಲುಗಡೆ ಬೇಡವಾಯಿತು. ಕೊನೆಯ ತಂತಿ ಕಚೇರಿ 1969ರಲ್ಲಿ ಬಾಗಿಲು ಹಾಕಿತು. ತಂತ್ರಜ್ಞಾನ ಒಂದು ಹೆಜ್ಜೆ ಮುಂದಿಟ್ಟಾಗಲೆಲ್ಲ ಓರ್ಟಾದ ಒಂದು ಕೆಲಸ ಕಡಿಮೆಯಾಯಿತು. ಇವುಗಳ ನಡುವೆ ನೆಲವೇ ಮುನಿಯಿತು. 1957ರ ಸೆಪ್ಟೆಂಬರ್ 27ರಂದು ದ್ವೀಪದ ಪಶ್ಚಿಮ ತುದಿಯಲ್ಲಿ ಸಮುದ್ರ ಕುದಿಯುವುದು ತಿಮಿಂಗಿಲ ಕಾಯುತ್ತಿದ್ದ ಕಾವಲುಗಾರರ ಕಣ್ಣಿಗೆ ಬಿತ್ತು. ಕಪೆಲಿನ್ಯೋಸ್ ಜ್ವಾಲಾಮುಖಿ ಹದಿಮೂರು ತಿಂಗಳು ಉಗುಳಿತು, ಹೊಸ ನೆಲ ಸೃಷ್ಟಿಸಿತು, ಹೊಲಮನೆಗಳನ್ನು ಬೂದಿಯಲ್ಲಿ ಹೂತಿತು. ದೀಪಸ್ತಂಭದ ಬುಡದ ಕಟ್ಟಡ ಇವತ್ತಿಗೂ ಅರ್ಧ ಬೂದಿಯೊಳಗಿದೆ. ಸಂತ್ರಸ್ತರಿಗಾಗಿ ಅಮೆರಿಕ 1958ರಲ್ಲಿ ವಿಶೇಷ ಕಾಯ್ದೆ ಮಾಡಿತು, ಅದನ್ನು ಮುಂದಿಟ್ಟ ಸೆನೆಟರ್‌ಗಳಲ್ಲಿ ಜಾನ್ ಎಫ್. ಕೆನಡಿ ಒಬ್ಬರು. ಸಾವಿರಾರು ಮಂದಿ ದ್ವೀಪ ಬಿಟ್ಟರು.

ಹಾಯಿದೋಣಿ ಮಾತ್ರ ಓರ್ಟಾವನ್ನು ದಾಟಿ ಹೋಗಲಿಲ್ಲ. ಅದು ಈಗಲೂ ಗಾಳಿಗೆ ಬದ್ಧ, ಅದರಲ್ಲಿರುವವರು ನಿದ್ದೆಗೆ ಬದ್ಧರು. ತಿಮಿಂಗಿಲ ಬೇಟೆಗಾಗಿ ಗುಡ್ಡದ ಮೇಲೆ ಕಟ್ಟಿದ ಕಾವಲು ಗೂಡುಗಳಲ್ಲಿ ಈಗಲೂ ಜನ ದುರ್ಬೀನು ಹಿಡಿದು ಕೂರುತ್ತಾರೆ. ತಿಮಿಂಗಿಲ ಉಸಿರು ಚಿಮ್ಮಿಸಿದ್ದು ಕಂಡರೆ ಪ್ರವಾಸಿಗರನ್ನು ಕರೆದೊಯ್ಯುವ ದೋಣಿಗೆ ರೇಡಿಯೊದಲ್ಲಿ ದಿಕ್ಕು ಹೇಳುತ್ತಾರೆ.

ಜೂನ್ ಕೊನೆಗೆ ಅಧಿಕ ಒತ್ತಡ ಗಟ್ಟಿಯಾಗಿ ನೆಲೆಯೂರಿದಂತೆ ಧಕ್ಕೆಯ ದೋಣಿಗಳು ತೆರವಾಗತೊಡಗುತ್ತವೆ. ಇಲ್ಲಿಂದ ದಾರಿಗಳು ಕವಲೊಡೆಯುತ್ತವೆ. ಲಿಸ್ಬನ್ ಕಡೆಗೆ ಸುಮಾರು 900 ನಾಟಿಕಲ್ ಮೈಲು, ಇಂಗ್ಲೆಂಡಿನ ಫಾಲ್ಮತ್‌ಗೆ 1,200. ಪೋರ್ಚುಗಲ್ ಕರಾವಳಿಯಲ್ಲಿ ಬೇಸಿಗೆಯಿಡೀ ಉತ್ತರದ ಗಾಳಿ ಬೀಸುವುದರಿಂದ ಲಿಸ್ಬನ್‌ಗೆ ಹೋಗುವವರು ಮೊದಲೇ ಸ್ವಲ್ಪ ಉತ್ತರಕ್ಕೆ ಏರಿಟ್ಟುಕೊಳ್ಳಬೇಕು. ಕೆಲವರು ದೋಣಿಯನ್ನು ಇಲ್ಲೇ ಬಿಟ್ಟು ವಿಮಾನ ಹತ್ತಿ ಊರಿಗೆ ಹೋಗುತ್ತಾರೆ. ಇನ್ನು ಕೆಲವರು ಆಗಸ್ಟ್‌ನ ‘ಸಮುದ್ರ ವಾರ’ ಹಬ್ಬ ಮುಗಿಸಿಯೇ ಹೊರಡೋಣ ಎನ್ನುತ್ತಾರೆ. ಹೊರಡುವ ಹಿಂದಿನ ದಿನ ಹವಾಮಾನ ನಕ್ಷೆ ನೋಡಿ, ನೀರಿನ ಟ್ಯಾಂಕ್ ತುಂಬಿಸಿ, ಬಂದರು ಕಚೇರಿಯಲ್ಲಿ ಬಾಕಿ ಕಟ್ಟಿ, ಒಳಗಡೆಯ ದೋಣಿಯವರಿಗೆ ಬೆಳಗಿನ ಆರಕ್ಕೆ ಹಗ್ಗ ಬಿಚ್ಚುತ್ತೇವೆ ಎಂದು ಹೇಳಿ ಬರುತ್ತಾರೆ. ಮೊದಲ ರಾತ್ರಿಯ ಪಾಳಿ ಯಾರದು ಎಂಬುದು ಆಗಲೇ ಗೊತ್ತಾಗಿರಬೇಕು, ಯಾಕೆಂದರೆ ಅವರು ಮಧ್ಯಾಹ್ನವೇ ಮಲಗಬೇಕು.